ಬೀಗರ ಮನೆಯಲ್ಲಿ ಕೆಂಚ

ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಮಂಗಳಾಗೌರಿ ಮಾಡಿದ ಖರ್ಚು ಹೀಗಿತ್ತು. ಇಳಕಲ್ಲಿನಿಂದ ತರಿಸಿದ ಹಸಿರು ಸೀರೆಗೆ ಆರು ಸಾವಿರದ ಎಂಟುನೂರು. ಕುಪ್ಪಸದ ಖಣ, ಬಳೆ, ಹೂವು, ಹಣ್ಣು ಸೇರಿ ಮತ್ತೆ ನಾಲ್ಕು ಸಾವಿರ. ಬೀಗತಿಗೊಂದು ರೇಷ್ಮೆ ಸೀರೆ. ಅದರ ಬೆಲೆಯನ್ನು ಗಂಡನಿಗೂ ಹೇಳಿರಲಿಲ್ಲ. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಬಾಡಿಗೆ ಕಾರಿಗೆ ಹತ್ತು ಸಾವಿರ, ನಾಯಿಯೂ ಕೂರುವುದಾದರೆ ಸೀಟಿನ ಕೂದಲು ತೆಗೆಸಲು ಐನೂರು ಬೇರೆ. ಇಷ್ಟರಲ್ಲಿ ಪುಕ್ಕಟೆ ಬಂದದ್ದು ಶೇಂಗಾ ಒಂದೇ. ಹುನಗುಂದದ ಕಡೆ ಹೊಲ ಮಾಡಿಕೊಂಡಿರುವ ತಮ್ಮ ಲಿಂಗರಾಜ, "ಸೊಸಿ ಕುಬಸ ಐತಿ ಅಕ್ಕಾ, ನಂದೂ ಒಂದಿಷ್ಟ ಇರಲಿ" ಎಂದು ಲಾರಿಗೆ ಹಾಕಿ ಒಂದು ಚೀಲ ಕಳಿಸಿದ್ದ. ಮುಂದೆ ನಡೆದದ್ದನ್ನು ನೋಡಿದರೆ ಆ ಕುಬಸದಲ್ಲಿ ಎಲ್ಲಕ್ಕಿಂತ ತುಟ್ಟಿಯಾದದ್ದು ಆ ಪುಕ್ಕಟೆ ಶೇಂಗಾವೇ.

ಚೀಲ ಬಂದದ್ದು ಮಳೆಗಾಲದಲ್ಲಿ. ಮಂಗಳಾಗೌರಿಯ ಮನೆ ಇರುವುದು ಎಂವಿಪಿ ಕಾಲೊನಿಯಲ್ಲಿ, ಸಮುದ್ರಕ್ಕೆ ನಡೆದೇ ಹೋಗಬಹುದಾದಷ್ಟು ಹತ್ತಿರ. ಮಳೆ ಹಿಡಿಯಿತೆಂದರೆ ಅಲ್ಲಿ ಡಬ್ಬಿಯೊಳಗಿನ ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ, ಬೀರುವಿನೊಳಗಿನ ಚರ್ಮದ ಚಪ್ಪಲಿಗೂ ಬೂಷ್ಟು ಬರುತ್ತದೆ. ತವರಿನಲ್ಲಾದರೆ ಶೇಂಗಾ ಚೀಲವನ್ನು ಮೂಲೆಗೆ ಒರಗಿಸಿ ಮರೆತುಬಿಟ್ಟರೂ ಅದು ಇನ್ನಷ್ಟು ಒಣಗಿ ಗಲಗಲ ಅನ್ನುತ್ತಿತ್ತೇ ಹೊರತು ಕೆಡುತ್ತಿರಲಿಲ್ಲ. ಅದೇ ರೂಢಿಯಲ್ಲಿ ಅವಳು ಇಲ್ಲೂ ಚೀಲವನ್ನು ಅಡುಗೆಮನೆಯ ಹಿಂದಿನ ಗೋಡೆಗೆ ಒರಗಿಸಿ ಸೀರೆ, ಬಳೆ ಎಂದು ಓಡಾಡಲು ಹೋದಳು. ಇಷ್ಟು ವರ್ಷ ಸಮುದ್ರದ ಪಕ್ಕ ಸಂಸಾರ ಮಾಡಿದವಳಿಗೆ ತಿಳಿಯದ ಸಂಗತಿಯಲ್ಲ. ಆದರೆ ತವರಿನಿಂದ ಬಂದ ವಸ್ತುವಿಗೂ ಇಲ್ಲಿನ ಗಾಳಿ ತಾಕೀತು ಎಂದು ಯಾವ ಹೆಣ್ಣಿಗೂ ಬೇಗ ಹೊಳೆಯುವುದಿಲ್ಲ.

ಚೀಲದ ಬಾಯಿ ಬಿಚ್ಚಿದ ದಿನ ಮುಗ್ಗಲು ವಾಸನೆ ಬಂತು. ಕನ್ನಡಕ ಹಾಕಿಕೊಂಡು ಮೊರದ ಮುಂದೆ ಕೂತು ಒಂದೊಂದೇ ಕಾಳು ಆರಿಸಿದಳು. ಚೆನ್ನಾಗಿದ್ದದ್ದು ಕುಬಸದ ಬುತ್ತಿಗೆ: ಹೋಳಿಗೆಗೆ, ಚಟ್ನಿಹಿಂಡಿಗೆ. ಮುದುಡಿದ್ದು, ಕಪ್ಪು ಚುಕ್ಕೆ ಬಿದ್ದದ್ದು, ಹಸಿರು ಧೂಳು ಅಂಟಿದ್ದು ಬೇರೆ ತಟ್ಟೆಗೆ. ಆ ತಟ್ಟೆಯೂ ತುಂಬಿತು. ಅದನ್ನು ಏನು ಮಾಡುವುದು? ಉಣ್ಣುವಾಗ ಒಂದು ಕಾಳು ಕೆಳಗೆ ಬಿದ್ದರೆ ಹುಡುಕಿ ಎತ್ತಿಸುತ್ತಿದ್ದ ಮನೆಯಲ್ಲಿ ಬೆಳೆದವಳು ಅವಳು. ಚೆಲ್ಲಲು ಕೈ ಬರಲಿಲ್ಲ. ಚೆನ್ನಾಗಿ ಹುರಿದು, ಸಿಪ್ಪೆ ಉಜ್ಜಿ ಹಾರಿಸಿ, ಕುಟ್ಟಿ, ಬೆಲ್ಲ ಹಾಕಿ ಉಂಡಿ ಕಟ್ಟಿದಳು. ಮನುಷ್ಯರಿಗಲ್ಲ, ಕೆಂಚನಿಗೆ. ಕೆಂಚ ಒಂದು ಉಂಡಿ ನುಂಗಿ ಇನ್ನೊಂದಕ್ಕೆ ಬಾಲ ಬಡಿದ.

ಕೆಂಚ ಮನೆಯ ನಾಯಿ. ಗಂಡ ಇಂದುಧರ ಉಕ್ಕಿನ ಕಾರ್ಖಾನೆಯಲ್ಲಿ ಫೋರ್‌ಮನ್; ಒಂದು ದಿನ ಪಾಳಿ ಮುಗಿಸಿ ಬರುವಾಗ ಗೇಟಿನ ಹತ್ತಿರ ಸಿಕ್ಕ ಕೆಂಪು ಮರಿಯನ್ನು ಹೆಲ್ಮೆಟ್ಟಿನಲ್ಲಿ ಹಾಕಿಕೊಂಡು ಬಂದಿದ್ದ. ಆಗ ಮಗಳು ರಚನಾ ಹೈಸ್ಕೂಲು. ಅವಳು ಓದಿ, ಕೆಲಸ ಹಿಡಿದು, ತೆಲುಗು ಹುಡುಗ ದುರ್ಗಾಪ್ರಸಾದನನ್ನು ಮೆಚ್ಚಿ ಮದುವೆಯಾಗಿ ವಿಜಯವಾಡಕ್ಕೆ ಹೋದ ಮೇಲೆ ಮಂಗಳಾಗೌರಿ ಮನೆಯಲ್ಲಿ ಬಾಯಿ ತುಂಬ ಕನ್ನಡ ಆಡುತ್ತಿದ್ದದ್ದು ಕೆಂಚನ ಜೊತೆಗೇ. ಇಂದುಧರ ಬಂದ ಹೊತ್ತಿಗೆ ಉಂಡು ಮಲಗುವವನು.

ಕುಬಸದ ಹೊತ್ತಿಗೆ ಕಾರ್ಖಾನೆಯಲ್ಲಿ ಕುಲುಮೆ ರಿಪೇರಿ. ರಜೆ ಇಲ್ಲ, ಇಂದುಧರನಿಗೆ ಎರಡೆರಡು ಪಾಳಿ. ನಾಯಿಯನ್ನು ಯಾರ ಕೈಗೆ ಕೊಡುವುದು? ಮಂಗಳಾಗೌರಿ ಬೀಗತಿಗೆ ಫೋನು ಮಾಡಿ ನಾಯಿಯನ್ನೂ ಕರೆತರಲೇ ಎಂದು ಕೇಳಿದಾಗ ಆ ಕಡೆ ಒಂದು ಉಸಿರಿನಷ್ಟು ಮೌನ. ಆಮೇಲೆ, "ಅಯ್ಯೋ, ಅದಕ್ಕೇನು ವದಿನಗಾರು, ಕರ್ಕೊಂಡು ಬನ್ನಿ" ಎಂಬ ಮಾತು. ತೆಲುಗರಲ್ಲಿ ಬೀಗತಿಯರು ಒಬ್ಬರನ್ನೊಬ್ಬರು ವದಿನ, ಅಂದರೆ ಅತ್ತಿಗೆ ಎನ್ನುತ್ತಾರೆ. ಇಬ್ಬರ ಮಾತೂ ತೆಲುಗಿನಲ್ಲೇ. ಆ ಒಂದು ಉಸಿರಿನ ಮೌನ ಮಾತ್ರ ಯಾವ ಭಾಷೆಯವರಿಗೂ ಅರ್ಥವಾಗುವಂಥದು. ಮಂಗಳಾಗೌರಿಗೂ ಆಯಿತು. ಬೇರೆ ದಾರಿ ಇರಲಿಲ್ಲ.

ಬೀಗತಿ ಸೀತಾಮಹಾಲಕ್ಷ್ಮಿ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಗಂಡನಿಲ್ಲದೆ ಒಬ್ಬ ಮಗನನ್ನು ದಡ ಸೇರಿಸಿದವರು. ನಾಲ್ಕನೆಯ ಮಹಡಿಯ ಅವರ ಮನೆಯ ನೆಲ ಮುಖ ಕಾಣುವಂತೆ ಹೊಳೆಯುತ್ತಿತ್ತು. ಕುಬಸ ಚೆನ್ನಾಗಿಯೇ ಆಯಿತು. ಏಳು ತಿಂಗಳ ಬಸುರಿ ರಚನಾ ಹಸಿರು ಸೀರೆಯಲ್ಲಿ ಕೂತಳು, ಬೀಗರ ಕಡೆಯ ಹೆಂಗಸರೆಲ್ಲ ಬಂದರು. ಶೇಂಗಾ ಹೋಳಿಗೆ ತಿಂದು, "ಇದೇನು ವದಿನಗಾರು, ಬಾಯಲ್ಲಿಟ್ಟರೆ ಕರಗುತ್ತೆ" ಎಂದರು. ಸೀತಾಮಹಾಲಕ್ಷ್ಮಿ ಹೆಮ್ಮೆಯಿಂದ ಒಂಬತ್ತು ಮನೆಗೆ ಡಬ್ಬಿ ಕಟ್ಟಿ ಕಳಿಸಿದರು. ಉಳಿದದ್ದನ್ನು ದೊಡ್ಡ ಸ್ಟೀಲಿನ ಡಬ್ಬಿಗೆ ತುಂಬಿ, "ಇದು ನನ್ನ ಸೊಸೆಗೆ, ಯಾರೂ ಮುಟ್ಟಬೇಡಿ" ಎಂದು ಮೇಲಿಟ್ಟರು. ಬೆಳಗ್ಗೆ ಹೊರಟುಬಿಡುವುದೆಂದು ಮಂಗಳಾಗೌರಿ ಚೀಲ ಕಟ್ಟಿಟ್ಟು ಮಲಗಿದಳು.

ಬೆಳಗ್ಗೆ ಕೆಂಚ ಏಳಲಿಲ್ಲ. ಎಬ್ಬಿಸಿದರೆ ಎದ್ದು, ಎರಡು ಹೆಜ್ಜೆ ಬಂದು, ಆ ಹೊಳೆಯುವ ನೆಲದ ಮೇಲೆ ಹಳದಿ ವಾಂತಿ ಮಾಡಿದ. ಕಣ್ಣಿನ ಬಿಳಿ ಅರಿಶಿನದ ನೀರಿನಂತಾಗಿತ್ತು.

ದುರ್ಗಾಪ್ರಸಾದ ಅತ್ತೆಯನ್ನೂ ನಾಯಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಪ್ರಾಣಿಗಳ ಡಾಕ್ಟರು ಸುಲೋಚನಾ ಅವರ ಹತ್ತಿರ ಕರೆದೊಯ್ದ. ಆಕೆ ಕೆಂಚನ ತುಟಿ ಎತ್ತಿ ಒಸಡು ತೋರಿಸಿದರು. ಅಲ್ಲೂ ಹಳದಿ.

"ಲಿವರ್ರಮ್ಮ. ಜೋರಾಗಿದೆ. ಏನು ತಿನ್ನಿಸ್ತೀರಿ?"

"ಮೊಸರನ್ನ, ಹಾಲು, ರೊಟ್ಟಿ" ಎಂದಳು ಮಂಗಳಾಗೌರಿ. ಸುಳ್ಳು ಹೇಳಿದ್ದಲ್ಲ. ಮಗುವಿಗೆ ಏನು ಉಣಿಸಿದೆ ಎಂದು ಕೇಳಿದರೆ ಯಾವ ತಾಯಿಯೂ ನಡುವೆ ಕೈಗಿಟ್ಟ ಪೆಪ್ಪರಮಿಂಟನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಂಡಿ ಅವಳ ತಲೆಗೇ ಬರಲಿಲ್ಲ.

ದಿನವೂ ಡ್ರಿಪ್ ಹಾಕಬೇಕು, ಹೊತ್ತು ಹೊತ್ತಿಗೆ ಮಾತ್ರೆ ಹೋಗಬೇಕು, ಪ್ರಯಾಣದ ಮಾತೇ ಬೇಡ ಎಂದರು ಡಾಕ್ಟರು. "ಇಷ್ಟು ದೂರದ ದಾರಿಯಲ್ಲಿ ಕುಲುಕಿದರೆ ದಾರಿಯಲ್ಲೇ ಹೋಗಿಬಿಡುತ್ತೆ."

ಹೀಗೆ ಮಂಗಳಾಗೌರಿ ಬೀಗರ ಮನೆಯಲ್ಲಿ ಸಿಕ್ಕಿಬಿದ್ದಳು.

ಹೆಣ್ಣು ಕೊಟ್ಟವರು ಬೀಗರ ಮನೆಯಲ್ಲಿ ಎಷ್ಟು ದಿನ ಇರಬಹುದು ಎನ್ನುವುದಕ್ಕೆ ಅವಳ ತವರಿನ ಕಡೆ ಒಂದು ಅಳತೆ ಇದೆ: ಬಾಗಿಲಿಗೆ ಹಾಕಿದ ತೋರಣ ಬಾಡುವುದರೊಳಗೆ ಎದ್ದು ಹೋಗಬೇಕು. ತೋರಣ ಬಾಡಿತು, ಒಣಗಿತು, ಒಂದು ಬೆಳಗ್ಗೆ ಕೆಲಸದವಳು ಅದನ್ನು ಕಿತ್ತು ಕಸಕ್ಕೆ ಹಾಕಿದಳು. ಮಂಗಳಾಗೌರಿ ಇನ್ನೂ ಅಲ್ಲೇ ಇದ್ದಳು. ಕೆಂಚನಿಗೆ ವಾಷಿಂಗ್ ಮೆಷಿನ್ ಇಡುವ ಹಿಂದಿನ ಬಾಲ್ಕನಿಯಲ್ಲಿ ಜಾಗ. ಅವನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು. ಅಲ್ಲಿಂದ ಎರಡು ಕಟ್ಟಡಗಳ ಸಂದಿಯಲ್ಲಿ ಇಂದ್ರಕೀಲಾದ್ರಿ ಬೆಟ್ಟ ಒಂದು ತುಂಡಷ್ಟೇ ಕಾಣುತ್ತಿತ್ತು. ಇಲ್ಲಿಯವರೆಗೆ ಬಂದು ದುರ್ಗಮ್ಮನ ಗುಡ್ಡ ಹತ್ತದೆ ಕೂತಿದ್ದೀನಲ್ಲ ಎಂದು ಅದೊಂದು ಬೇರೆ ನೋವು.

ಕಷ್ಟ ಕೊಟ್ಟದ್ದು ಬೀಗತಿಯ ಕೋಪವಲ್ಲ, ಮರ್ಯಾದೆ. ತಟ್ಟೆ ತೊಳೆಯಲು ಹೋದರೆ, "ಬಿಡಿ ಬಿಡಿ ವದಿನಗಾರು, ನೀವು ಕೂತಿರಿ." ಕಾಯಿಪಲ್ಲೆ ಹೆಚ್ಚಲು ಹೋದರೆ, "ನಮ್ಮ ಮನೆಗೆ ಬಂದು ನೀವು ಕತ್ತಿ ಹಿಡಿಯೋದೇ?" ಅಡುಗೆಮನೆಯ ಹೊಸ್ತಿಲು ದಾಟಲು ಬಿಡಲಿಲ್ಲ. ಹಸಿವಾದರೆ ಕೇಳುವಂತಿಲ್ಲ, ಹೊಟ್ಟೆ ತುಂಬಿದರೆ ಸಾಕು ಎನ್ನುವಂತಿಲ್ಲ. ಕೈಗೆ ಕೆಲಸವಿಲ್ಲದ ಮನೆ ಅವಳಿಗೆ ಲಾಕಪ್ಪಿನಂತಾಯಿತು.

"ಹೆಂಗೈತಿ ನಮ್ಮ ಕೆಂಚ್ಯಾ?" ಎಂದು ಇಂದುಧರ ಕುಲುಮೆಯ ಗದ್ದಲದ ನಡುವೆ ಫೋನು ಮಾಡುತ್ತಿದ್ದ.

"ಹಂಗ ಐತಿ. ಏನೂ ತಿನ್ನವಲ್ಲದು."

"ನೀ ಹೆಂಗದಿ?"

"ನಾನೂ ಹಂಗ ಅದೀನಿ. ಅದಕ್ಕರ ಸರಪಳಿ ಕಾಣತೈತಿ. ನನಗ ಕಾಣೂದಿಲ್ಲ."

"ಬೀಗರ ಮನಿ ಪಾಯಸ ಉಂಡು ದಪ್ಪ ಆಗಿ ಬರ್ತಿ ಬಿಡು" ಎಂದು ಅವನು ನಗುತ್ತಿದ್ದ. ದೂರದಲ್ಲಿದ್ದವರಿಗೆ ಎಲ್ಲವೂ ನಗೆ.

ಮಾತ್ರೆಯನ್ನು ಕೆಂಚ ಬಾಯಿಗೆ ಹಾಕಿದ ಕೂಡಲೇ ಉಗುಳುತ್ತಿದ್ದ. ಮೊಸರಿನಲ್ಲಿ ಕಲಸಿದರೆ ಮೊಸರನ್ನೇ ಬಿಟ್ಟ. ಆಗ ಮಂಗಳಾಗೌರಿಗೆ ತನ್ನ ಚೀಲದಲ್ಲಿದ್ದ ಉಂಡಿಯ ಡಬ್ಬಿ ನೆನಪಾಯಿತು. ಉಂಡಿಯ ಹೊಟ್ಟೆಯಲ್ಲಿ ಮಾತ್ರೆ ಅಡಗಿಸಿ ಅಂಗೈಯಲ್ಲಿ ಹಿಡಿದಳು. ಬೇರೇನನ್ನೂ ಮೂಸದ ನಾಯಿ ಅದನ್ನು ಮೆಲ್ಲಗೆ ತೆಗೆದುಕೊಂಡು ನುಂಗಿತು. ಗೆದ್ದೆ ಎನ್ನಿಸಿತು ಅವಳಿಗೆ. ಅಂದಿನಿಂದ ದಿನವೂ ಲಿವರಿನ ಮಾತ್ರೆ ಉಂಡಿಯೊಳಗೇ ಹೋಯಿತು.

ನಾಯಿ ಚೇತರಿಸಿಕೊಳ್ಳಲಿಲ್ಲ. ಹೊಟ್ಟೆ ಉಬ್ಬಿತು, ಉಚ್ಚೆ ಚಹಾದ ಬಣ್ಣಕ್ಕೆ ತಿರುಗಿತು. ಮತ್ತೆ ರಕ್ತ ಪರೀಕ್ಷೆ ಮಾಡಿಸಿದ ದಿನ ದುರ್ಗಾಪ್ರಸಾದನಿಗೆ ಆಫೀಸಿತ್ತು. ಮಂಗಳಾಗೌರಿಯ ಜೊತೆ ಆಟೋದಲ್ಲಿ ಸೀತಾಮಹಾಲಕ್ಷ್ಮಿ ಬಂದರು. ಮೂಗಿಗೆ ಸೆರಗು ಹಿಡಿದುಕೊಂಡೇ ಬಂದರು, ಆದರೆ ಬಂದರು.

ಡಾಕ್ಟರು ಸುಲೋಚನಾ ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. "ಇಳೀಬೇಕಾಗಿತ್ತು. ಏರಿದೆ. ಔಷಧಿ ಹೋಗ್ತಾ ಇದೆ, ಡ್ರಿಪ್ ಹೋಗ್ತಾ ಇದೆ. ಅಂದರೆ ಇದರ ಹೊಟ್ಟೆಗೆ ವಿಷ ಇನ್ನೂ ಹೋಗ್ತಾ ಇರಬೇಕು. ಸರಿಯಾಗಿ ಜ್ಞಾಪಿಸಿಕೊಳ್ಳಿ ಅಮ್ಮ. ಬೂಷ್ಟು ಹಿಡಿದದ್ದು ಏನಾದರೂ? ಹಳೇ ಬ್ರೆಡ್ಡು, ಮೆಕ್ಕೆಜೋಳ, ಶೇಂಗಾ?"

ಮಂಗಳಾಗೌರಿಗೆ ಉಂಡಿಯ ಡಬ್ಬಿ ಕಣ್ಣ ಮುಂದೆ ಬಂತು.

"ಶೇಂಗಾ ಹುರಿದರೆ...?" ಎಂದಳು, ಸುಮ್ಮನೆ ಕೇಳಿದಂತೆ.

"ಹುರಿದರೂ ಆ ಬೂಷ್ಟಿನ ವಿಷ ಪೂರ್ತಿ ಹೋಗಲ್ಲ. ಕಣ್ಣಿಗೆ ಕಾಣದ ಕಾಳಲ್ಲೂ ಇರಬಹುದು. ಯಾಕೆ, ಕೊಟ್ಟಿದ್ದೀರಾ?"

ಅವಳು ಬಾಯಿ ತೆರೆಯುವುದರೊಳಗೆ ಪಕ್ಕದಲ್ಲಿದ್ದ ಸೀತಾಮಹಾಲಕ್ಷ್ಮಿ ನಕ್ಕುಬಿಟ್ಟರು. "ನಮ್ಮ ವದಿನಗಾರ ಕೈಯಲ್ಲಿ ಕೆಟ್ಟ ಕಾಳೇ? ಕಾಳು ಕಾಳು ಆರಿಸಿ ಮಾಡಿದ ಹೋಳಿಗೆ ಡಾಕ್ಟರಮ್ಮ! ನಮ್ಮ ಬಂಧುಗಳ ಒಂಬತ್ತು ಮನೆಯಲ್ಲೂ ಅದೇ ಮಾತು."

ಒಂದೇ ಚೀಲ. ಒಂದೇ ಮೊರ. ಈ ಕಡೆ ತಟ್ಟೆ ನಾಯಿಗೆ, ಆ ಕಡೆ ತಟ್ಟೆ ಬೀಗರಿಗೆ. ಹೌದು ಎಂದರೆ, ನಾಯಿಗೆ ವಿಷವಾದ ಚೀಲದಿಂದಲೇ ನಿಮ್ಮ ಒಂಬತ್ತು ಮನೆಗೂ ಕುಬಸದ ಬುತ್ತಿ ತಂದೆ ಎಂದು ಬೀಗತಿಯ ಎದುರು ಒಪ್ಪಿಕೊಂಡಂತೆ. ಮಂಗಳಾಗೌರಿ ಕೆಂಚನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು, "ಇಲ್ಲ, ಅಂಥದ್ದೇನೂ ಕೊಟ್ಟಿಲ್ಲ" ಎಂದಳು. ಕೆಂಚ ಅವಳ ದನಿ ಕೇಳಿ ಬಾಲವನ್ನು ಒಂದು ಸಲ ಎತ್ತಿ ಇಳಿಸಿದ.

ಡಾಕ್ಟರು ನಿಟ್ಟುಸಿರಿಟ್ಟರು. "ಹಾಗಾದರೆ ಇಲಿ ಉಚ್ಚೆಯಿಂದ ಬರೋ ಜ್ವರ ಅಂತ ಅನುಮಾನ ಪಡಬೇಕು. ಪರೀಕ್ಷೆಗೆ ಕಳಿಸ್ತೀನಿ, ಫಲಿತಾಂಶಕ್ಕೆ ಕೆಲವು ದಿನ ಹಿಡಿಯುತ್ತೆ. ಅಲ್ಲಿಯವರೆಗೆ ಹುಷಾರು. ಅದು ಮನುಷ್ಯರಿಗೂ ಅಂಟುತ್ತೆ. ಮನೆಯಲ್ಲಿ ಯಾರಾದರೂ ಬಸುರಿ ಇದ್ದಾರಾ?"

ಸೀತಾಮಹಾಲಕ್ಷ್ಮಿ ಸೆರಗನ್ನು ಮೂಗಿನಿಂದ ತೆಗೆದು ಎದೆಗೆ ಹಿಡಿದರು.

ಒಂದು ಸುಳ್ಳು ಬಾಯಿಂದ ಹೊರಬಿದ್ದ ಮೇಲೆ ಸುಮ್ಮನಿರುವುದಿಲ್ಲ, ಮನೆ ತುಂಬ ಓಡಾಡಿ ಕೆಲಸ ಮಾಡುತ್ತದೆ. ಸಂಜೆಯೊಳಗೆ ಬಾಲ್ಕನಿಯನ್ನು ಫಿನೈಲಿನಲ್ಲಿ ಮೂರು ಸಲ ತೊಳೆದಾಯಿತು. ಕೆಂಚನನ್ನು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಕೋಣೆಗೆ ಸಾಗಿಸಿದರು. ಹಳೆಯ ಪಂಪು, ಪೇಂಟಿನ ಡಬ್ಬಿಗಳ ನಡುವೆ ಅವನ ಗೋಣಿ. ಸುದ್ದಿ ತಿಳಿದ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ನರಸಿಂಹಮೂರ್ತಿ, ಮಕ್ಕಳು ಮೇಲೆ ಹತ್ತಿ ಬಂದಾರೆಂದು ಮೆಟ್ಟಿಲಿನ ಗ್ರಿಲ್ಲಿಗೆ ಬೀಗ ಹಾಕಿಸಿದರು. ಮಂಗಳಾಗೌರಿ ಮೇಲಿದ್ದಾಗಲೂ ಬೀಗ. ಕೆಳಗಿಳಿಯಬೇಕಾದರೆ ಕಾವಲುಗಾರನಿಗೆ ಫೋನು ಮಾಡಬೇಕು, ಅವನು ಬೀಡಿ ಮುಗಿಸಿ ಬರುತ್ತಿದ್ದ.

ಅವಳು ಉಂಡಿಯನ್ನು ಆ ಕ್ಷಣದಿಂದಲೇ ನಿಲ್ಲಿಸಿದ್ದಳು. ಉಳಿದದ್ದನ್ನು ಪುಡಿ ಮಾಡಿ, ಕಾಗೆ ಕೂಡ ಮುಟ್ಟದಂತೆ ಕವರಿನಲ್ಲಿ ಗಂಟು ಹಾಕಿ ಕಸಕ್ಕೆ ಎಸೆದಳು. ಮಾತ್ರೆಯನ್ನು ಬೆರಳಿನಲ್ಲಿ ನಾಲಗೆಯ ಹಿಂದಕ್ಕೆ ತಳ್ಳಿ, ದವಡೆ ಹಿಡಿದು, ಗಂಟಲು ಸವರಿ ಇಳಿಸಿದಳು. "ನುಂಗಪಾ, ನನ್ನಪ್ಪಾ" ಎಂದಳು. ಕೆಂಚ ಕಚ್ಚಲಿಲ್ಲ. ಉಂಡಿ ಎಲ್ಲಿ ಎಂದು ಅವಳ ಅಂಗೈ ಮೂಸಿದ. ಅವಳ ಕೈಯಿಂದ ಬಂದದ್ದೆಲ್ಲ ಒಳ್ಳೆಯದೇ ಎಂದು ನಂಬಿದ ಪ್ರಾಣಿ. ಆ ಮೂಸುವಿಕೆಯ ಮುಂದೆ ಡಾಕ್ಟರ ಬೈಗುಳವಾದರೂ ಹಗುರವಾಗಿರುತ್ತಿತ್ತು.

ವಿಷ ನಿಂತಿತಲ್ಲ, ಇನ್ನು ಬಾಯಿ ಬಿಡದಿದ್ದರೂ ನಾಯಿ ಬದುಕೀತು ಎಂದು ಅವಳ ವ್ಯವಹಾರದ ಬುದ್ಧಿ ಹೇಳಿತು. ಅದೇ ಬುದ್ಧಿ ಮರುಕ್ಷಣ, ಇಲ್ಲದ ರೋಗಕ್ಕೆ ಡಾಕ್ಟರು ಚುಚ್ಚುತ್ತಿದ್ದಾರೆ, ಇರುವ ವಿಷಕ್ಕೆ ಏನು ಮಾಡಬೇಕೋ ಅದನ್ನು ಮಾಡುತ್ತಿಲ್ಲ ಎಂದೂ ಹೇಳಿತು. ಕೆಳಗೆ ಸ್ಟೀಲಿನ ಡಬ್ಬಿ ಇದೆ. ರಚನಾ ಅದರಿಂದ ದಿನಕ್ಕೊಂದು ಹೋಳಿಗೆಯನ್ನು ತುಪ್ಪ ಹಾಕಿಕೊಂಡು ತಿನ್ನುತ್ತಿದ್ದಾಳೆ. ಕಣ್ಣಿಗೆ ಕಾಣದ ಕಾಳಲ್ಲೂ ಇರಬಹುದು ಎಂದಿದ್ದರು ಡಾಕ್ಟರು.

ಮೊದಲು ಡಬ್ಬಿ ಮಾಯವಾಗಲಿ, ಆಮೇಲೆ ನೋಡೋಣ ಎಂದುಕೊಂಡಳು.

ಮರುದಿನ ಮಧ್ಯಾಹ್ನ ಬೀಗತಿ ಊಟ ಮಾಡಿ ಅಡ್ಡಾಗುವ ಹೊತ್ತು. ನಾಯಿಗೆ ನೀರು ಬೇಕೆಂಬ ನೆಪದಲ್ಲಿ ಬಕೆಟ್ಟು ಹಿಡಿದು ಮಂಗಳಾಗೌರಿ ಕೆಳಗಿಳಿದಳು. ನಡುಮನೆಯ ಸೋಫಾದಲ್ಲಿ ರಚನಾ ಕಣ್ಣು ಮುಚ್ಚಿ ಒರಗಿದ್ದಳು. ಇಷ್ಟು ದಿನ ಮೆಟ್ಟದ ಅಡುಗೆಮನೆಯ ಹೊಸ್ತಿಲನ್ನು ಕಳ್ಳಿಯಂತೆ ದಾಟಿ, ತುದಿಗಾಲಲ್ಲಿ ನಿಂತು ಡಬ್ಬಿ ಇಳಿಸಿ, ಸೆರಗಿನೊಳಗೆ ಹಾಕಿಕೊಂಡು ತಿರುಗಿದರೆ ಬಾಗಿಲಲ್ಲಿ ಸೀತಾಮಹಾಲಕ್ಷ್ಮಿ ನಿಂತಿದ್ದರು.

ಡಬ್ಬಿ ದೊಡ್ಡದು. ಸೆರಗು ಏನನ್ನೂ ಮುಚ್ಚಿರಲಿಲ್ಲ.

ಬೀಗತಿಯ ಮುಖದಲ್ಲಿ ಸಿಟ್ಟು ಬರಲಿಲ್ಲ. ಕಣ್ಣಲ್ಲಿ ನೀರು ಬಂತು. "ವದಿನಗಾರು, ನಮ್ಮ ಮನೆಯಲ್ಲಿ ನಿಮಗೆ ಹೊಟ್ಟೆಗೆ ಸಾಲುತ್ತಿಲ್ಲವೇ? ಕೇಳಬಾರದಾಗಿತ್ತೇ? ನನ್ನ ಕೈಯಲ್ಲಿ ಏನು ಕಡಿಮೆಯಾಯ್ತು?"

ಮಾತು ಕೇಳಿ ರಚನಾ ಎದ್ದು ಬಂದಳು. ಅವಳ ಕೈಯಲ್ಲಿ ಒಂದು ಮಾತ್ರೆಯ ಪಟ್ಟಿ, ಒಂದು ಲೋಟ ನೀರು.

"ಏನಾಯ್ತಮ್ಮಾ? ಹಸಿವೆಯಾ? ನಂಗ ಹೇಳಬೇಕಿತ್ತು ಕದಾ."

ಅವಳ ಕನ್ನಡ ಹಾಗೆಯೇ, ಅರ್ಧ ತೆಲುಗು.

ಮಂಗಳಾಗೌರಿಗೆ ಪಾರಾಗುವ ಬಾಗಿಲು ತಾನಾಗಿ ತೆರೆದಿತ್ತು. ಹೌದು, ಹಸಿವಾಗಿತ್ತು, ಕೇಳಲು ಸಂಕೋಚವಾಯಿತು ಎಂದರೆ ಮುಗಿಯಿತು. ಬೀಗತಿಯರಿಬ್ಬರೂ ಒಂದಿಷ್ಟು ಅಳುತ್ತಾರೆ, ಆಮೇಲೆ ಎಲ್ಲರೂ ನಗುತ್ತಾರೆ, ಮಾನ ಉಳಿಯುತ್ತದೆ. ಆ ಮಾತು ನಾಲಗೆಯ ತುದಿಗೆ ಬಂತು ಕೂಡ.

"ಅದೇನ ಮಾತ್ರಿ?" ಎಂದಳು ಮಗಳಿಗೆ.

"ನನ್ನ ಡಾಕ್ಟರ್ ಮೇಡಂ ಇಚ್ಚಾರು. ಆ ಜ್ವರ ಅಂಟಬಾರದು ಅಂತ ಕೊಟ್ಟಿದ್ದು. ಸಂಜೆ ಗುಂಟೂರು ಪಿನ್ನಿ, ಇವರ ಚಿಕ್ಕಮ್ಮನ ಮನೆಗೆ ಹೋಗಿ ಅಲ್ಲೇ ಇರತೀನಿ. ಪಾಪುಗೆ ಏನಾದರೂ ಆದರೆ..." ರಚನಾ ಪಟ್ಟಿಯಿಂದ ಒಂದು ಮಾತ್ರೆ ಒಡೆದು ಅಂಗೈಗೆ ಹಾಕಿಕೊಂಡಳು. ಅಮ್ಮ ಕೊಟ್ಟ ಉಂಡಿಯನ್ನು ಕೆಂಚ ನೋಡುತ್ತಿದ್ದಂತೆಯೇ ಅದನ್ನು ನೋಡಿದಳು, ಅನುಮಾನವಿಲ್ಲದೆ.

"ನುಂಗಬ್ಯಾಡ" ಎಂದಳು ಮಂಗಳಾಗೌರಿ. ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟಳು. ಬೀಗತಿಯ ಕಡೆ ತಿರುಗಿ ತೆಲುಗಿನಲ್ಲಿ, ಒಂದೇ ಉಸಿರಿನಲ್ಲಿ ಹೇಳಿದಳು. "ಅದು ಇಲಿ ಜ್ವರ ಅಲ್ಲ. ಶೇಂಗಾ ಬೂಷ್ಟು ಹಿಡಿದಿತ್ತು. ಕೆಟ್ಟದ್ದನ್ನು ಆರಿಸಿ ನಾಯಿಗೆ ಉಂಡಿ ಕಟ್ಟಿದೆ. ಇಲ್ಲಿಗೆ ಬಂದ ಮೇಲೂ ಅದರಲ್ಲೇ ಮಾತ್ರೆ ಇಟ್ಟು ಕೊಟ್ಟೆ. ಒಳ್ಳೆಯದು ಅಂತ ಆರಿಸಿದ್ದನ್ನು ನಿಮಗೆ ತಂದೆ. ಇದರಲ್ಲೂ ಇರಬಹುದು, ಇಲ್ಲದೆಯೂ ಇರಬಹುದು. ನಿನ್ನೆ ಡಾಕ್ಟರು ಕೇಳಿದಾಗ ನೀವು ಪಕ್ಕದಲ್ಲಿದ್ದಿರಿ. ಹೇಳಲಿಲ್ಲ."

ಸೀತಾಮಹಾಲಕ್ಷ್ಮಿ ಡಬ್ಬಿಯನ್ನು ಸೊಸೆಯ ಕೈಗೆಟುಕದಂತೆ ತಮ್ಮ ಕಡೆಗೆ ಎಳೆದುಕೊಂಡರು.

"ನಾನು ಪಕ್ಕದಲ್ಲಿದ್ದೆ ಅಂತ" ಎಂದರು.

"ಹೌದು."

"ಕೆಟ್ಟ ಕಾಳು ನಾಯಿಗೆ ಹಾಕಿದ್ದು ಗೊತ್ತಿಲ್ಲದೆ. ಸರಿ. ನನ್ನ ಮನೆಯಲ್ಲೂ ಹಳಸಿದ್ದು ಹಸುವಿಗೇ ಹೋಗುತ್ತಿತ್ತು. ಆದರೆ ನಿನ್ನೆಯಿಂದ ನನ್ನ ಸೊಸೆ ಅಳುತ್ತಿದ್ದಾಳೆ, ನೀವು ಮೇಲೆ ಕೂತು ಸುಮ್ಮನಿದ್ದಿರಿ." ಅವರ ದನಿ ಏರಿತು. "ನಾನು ಅಷ್ಟು ದೊಡ್ಡ ರಾಕ್ಷಸಿಯಾ ವದಿನಗಾರು? ಹೊಟ್ಟೆಯೊಳಗಿನ ಮಗುವಿಗಿಂತ ನನ್ನ ಭಯ ದೊಡ್ಡದಾಯಿತಾ ನಿಮಗೆ?"

ಮಂಗಳಾಗೌರಿ ನೆಲ ನೋಡಿದಳು. ಆ ನೆಲದಲ್ಲಿ ತನ್ನ ಮುಖವೇ ಕಂಡಿತು.

ರಚನಾ ಮಾತ್ರೆಯನ್ನು ಕಟ್ಟೆಯ ಮೇಲಿಟ್ಟು, "ಅಮ್ಮಾ, ನೀನೂನಾ!" ಎಂದಳು. ಅಷ್ಟೇ. ಮೊದಲು ತನ್ನ ಡಾಕ್ಟರಿಗೆ ಫೋನು ಮಾಡಿದಳು.

ಸೀತಾಮಹಾಲಕ್ಷ್ಮಿ ಡಾಕ್ಟರು ಸುಲೋಚನಾ ಅವರಿಗೆ ಫೋನು ಮಾಡಿದರು. ಆ ಕಡೆಯ ಬೈಗುಳ ಈ ಕಡೆ ನಿಂತಿದ್ದ ಮಂಗಳಾಗೌರಿಗೂ ಕೇಳಿಸಿತು. ಚಿಕಿತ್ಸೆ ಅಂದೇ ಬದಲಾಯಿತು. ರಕ್ತ ಹೆಪ್ಪುಗಟ್ಟಲು ಇಂಜೆಕ್ಷನ್ನು, ಲಿವರಿಗೆ ಬೇರೆ ಔಷಧಿ. ಆಮೇಲೆ ಬೀಗತಿ ನಡುಮನೆಯಲ್ಲಿ ಕೂತು ಒಂದೊಂದೇ ಮನೆಗೆ ಕರೆ ಮಾಡತೊಡಗಿದರು. ಮಂಗಳಾಗೌರಿ ಏಳಲು ಹೊರಟಳು.

"ಕೂತಿರಿ" ಎಂದರು. ಈ ಸಲದ "ಕೂತಿರಿ" ಮರ್ಯಾದೆಯದಲ್ಲ. "ನಾನು ಏನು ಹೇಳ್ತೀನಿ ಅಂತ ನೀವೂ ಕೇಳಿ. ನಾಳೆ ನಾನು ಬೇರೆ ಏನೋ ಹೇಳಿದೆ ಅನ್ನಬಾರದು."

ಒಂಬತ್ತು ಕರೆ. ಒಂಬತ್ತು ಸಲವೂ ಅದೇ ಮಾತು: ಆ ಹೋಳಿಗೆ ಉಳಿದಿದ್ದರೆ ಬಿಸಾಕಿ, ಶೇಂಗಾ ಬೂಷ್ಟು ಹಿಡಿದಿತ್ತಂತೆ. ಹೌದು, ವದಿನಗಾರೇ ಹೇಳಿದರು. ಒಂದು ಮನೆಯವರು ತಿಂದು ಮುಗಿಸಿದ್ದರು, ಗಾಬರಿಯಾದರು. ಒಂದು ಮನೆಯವರು ಗಟ್ಟಿಯಾಗಿ ನಕ್ಕರು. ಕೊನೆಯ ಕರೆಯಲ್ಲಿ ಯಾರೋ ಏನೋ ಉದ್ದಕ್ಕೆ ಅಂದರು, ಸೀತಾಮಹಾಲಕ್ಷ್ಮಿ ತಾಳ್ಮೆಯಿಂದ ಕೇಳಿ, "ಸರಿ ಪಿನ್ನಿ, ಆಕೆ ಹೇಳದೆ ಇದ್ದಿದ್ದರೆ ನಿಮಗೆ ಗೊತ್ತಾಗುತ್ತಿತ್ತೇ?" ಎಂದು ಫೋನಿಟ್ಟರು. ಮಂಗಳಾಗೌರಿ ಕದಲದೆ ಒಂಬತ್ತನ್ನೂ ಕೇಳಿದಳು. ಆ ಮನೆಯಲ್ಲಿ ಅವಳು ಕಳೆದ ಅತಿ ಉದ್ದದ ಮಧ್ಯಾಹ್ನ ಅದು.

ರಚನಾಳ ರಕ್ತ ಪರೀಕ್ಷೆ ಚೆನ್ನಾಗಿ ಬಂತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಕೆಂಚ ತಾರಸಿಯಿಂದ ಇಳಿದು ಮತ್ತೆ ಬಾಲ್ಕನಿಗೆ ಬಂದ. ಮರುದಿನ ಬೆಳಗ್ಗೆ ಮಂಗಳಾಗೌರಿ ಕುರ್ಚಿಯಲ್ಲಿ ಕೂತಿದ್ದಾಗ ಬೀಗತಿ ಅಡುಗೆಮನೆಯಿಂದಲೇ ಕೂಗಿದರು:

"ಅತಿಥಿಯಾಗಿ ಕೂ‌ರಿಸಿದ್ದಕ್ಕೆ ಸಿಕ್ಕ ಫಲ ಸಾಕು. ಬನ್ನಿ ಈ ಕಡೆ, ಗೋರಿಕಾಯಿ ನಾರು ತೆಗೀರಿ. ಮತ್ತೆ, ಕೆಟ್ಟದ್ದು ಬಂದರೆ ನನಗೆ ತೋರಿಸಿ. ನಾಯಿಗೆ ಹಾಕಬೇಡಿ."

"ನಮ್ಮ ನಾಯಿ ಗೋರಿಕಾಯಿ ತಿನ್ನೂದಿಲ್ರಿ" ಎಂದು ಮಂಗಳಾಗೌರಿ ಬಾಯಿ ತಪ್ಪಿ ಕನ್ನಡದಲ್ಲೇ ಅಂದಳು. ಬೀಗತಿಗೆ ಅರ್ಥವಾಗದಿದ್ದರೂ ಅವಳು ಹೊಸ್ತಿಲು ದಾಟಿದ್ದು ಕಂಡಿತು.

ಕೆಂಚನ ಕಣ್ಣು ಬಿಳಿಯಾಗಲು ಬಹಳ ದಿನ ಹಿಡಿಯಿತು. ನಡುವೆ ಒಂದು ದಿನ ಮೂಗಿನಿಂದ ರಕ್ತ ಬಂದು, ಇನ್ನಿಲ್ಲ ಎಂದೇ ಎಲ್ಲರೂ ಕೂತಿದ್ದರು. ಅವನು ಉಳಿದ. ಲಿವರು ಗಾಯದ ಕಲೆಯಂತೆ ಗಟ್ಟಿಯಾಗಿದೆ, ಇನ್ನು ಆಯುಷ್ಯ ಇರುವವರೆಗೂ ಪಥ್ಯ, ಎಷ್ಟು ವರ್ಷ ಎಂದು ಕೇಳಬೇಡಿ ಎಂದರು ಡಾಕ್ಟರು ಸುಲೋಚನಾ. ಕುಲುಮೆ ರಿಪೇರಿ ಮುಗಿಸಿ ಇಂದುಧರನೇ ಬಂದು ಇಬ್ಬರನ್ನೂ ವಿಶಾಖಪಟ್ಟಣಕ್ಕೆ ಕರೆದೊಯ್ದ. ಹೊರಡುವ ಮುಂಚೆ ಮಂಗಳಾಗೌರಿ ಬೀಗತಿಯ ಜೊತೆ ಹೋಗಿ ದುರ್ಗಮ್ಮನ ಗುಡ್ಡವನ್ನೂ ಹತ್ತಿ ಬಂದಳು.

ಮೊಮ್ಮಗಳು ಹುಟ್ಟಿದಳು. ನಾಮಕರಣಕ್ಕೆ ವಿಜಯವಾಡಕ್ಕೆ ಹೋದಾಗ ಮಂಗಳಾಗೌರಿ ಮನೆಯಲ್ಲಿ ಏನನ್ನೂ ಮಾಡಲಿಲ್ಲ. ದೊಡ್ಡ ಅಂಗಡಿಯ ಲಡ್ಡು, ಡಬ್ಬಿಯ ಮೇಲಿನ ಚೀಟಿಯನ್ನೂ ಕೀಳದೆ ಹಾಗೇ ಇಟ್ಟಳು. ಬೀಗರ ಕಡೆಯ ಹೆಂಗಸರು ಬಂದರು, ಮಗುವನ್ನು ಮುದ್ದಾಡಿದರು, ಅವಳ ಜೊತೆ ನಗುತ್ತಾ ಮಾತಾಡಿದರು. ಲಡ್ಡುವಿನ ತಟ್ಟೆ ಹೆಂಗಸರ ನಡುವೆ ಕೈಯಿಂದ ಕೈಗೆ ಹೋಗಿ ತುಂಬಿದ್ದಂತೆಯೇ ತಿರುಗಿ ಬಂತು. ಸೀತಾಮಹಾಲಕ್ಷ್ಮಿ ಅದನ್ನು ನೋಡಿದರು. ಎದ್ದು ಬಂದು ಒಂದು ಲಡ್ಡು ತೆಗೆದುಕೊಂಡು, ಎಲ್ಲರಿಗೂ ಕಾಣುವಂತೆ ಮೊದಲು ಮೂಸಿದರು. ಆಮೇಲೆ ಬಾಯಿಗೆ ಹಾಕಿಕೊಂಡು ಪೂರ್ತಿ ತಿಂದರು.

ಕುಬಸದ ಲೆಕ್ಕ ಅಲ್ಲಿಗೆ ಮುಗಿಯಿತು. ಮಂಗಳಾಗೌರಿಯ ಕೈಗುಣಕ್ಕಿದ್ದ ಹೆಸರು ಒಂಬತ್ತು ಮನೆಯಲ್ಲಿ ಹೋಯಿತು, ಅದು ಮತ್ತೆ ಬರಲಿಲ್ಲ. ಬೀಗತಿಯ ಅಡುಗೆಮನೆಯಲ್ಲಿ ಒಂದು ಈಳಿಗೆ ಅವಳದಾಯಿತು. ಕೆಂಚ ಉಳಿದ, ಅರ್ಧ ಲಿವರಿನಲ್ಲಿ. ಅವನು ಈಗಲೂ ಅವಳ ಅಂಗೈ ಮೂಸುತ್ತಾನೆ. ಅವಳು ತೊಳೆದ ಕೈಯನ್ನೇ ತೋರಿಸುತ್ತಾಳೆ.